ಕ್ರೂಜ್ ಹಡಗಿನಲ್ಲಿ ಮಕ್ಕಳಿಗೆ ಕ್ಲಬ್ ಐತಿ, ಆಯಿಗೆ ಎಲ್ಲೈತಿ?

ಮೊದಲೇ ಅಂಕಿ ಹೇಳಿಬಿಡುತ್ತೇನೆ. ಹಡಗಿನ ಮಕ್ಕಳ ಕ್ಲಬ್ಬಿಗೆ, ಅಂದರೆ ಮಕ್ಕಳನ್ನು ಆಟಕ್ಕೆ ಬಿಟ್ಟು ಬರುವ ಜಾಗಕ್ಕೆ, ಐದಕ್ಕೆ ನಾಲ್ಕೂವರೆ. ಬ್ರೋಶರಿನ ತುಂಬ ‘ಫ್ಯಾಮಿಲಿ ಟೈಮ್’ ಅಂತ ಬರೆದು ಮಾರುತ್ತಾರಲ್ಲ, ಆ ಸರಕಿಗೆ ಐದಕ್ಕೆ ಎರಡೂವರೆ. ಹಡಗು ಒಂದೇ, ಟಿಕೆಟ್ಟೂ ಒಂದೇ. ಆದರೂ ಇಷ್ಟು ಫರಕು ಯಾಕೆ ಬಂತು ಅನ್ನುವುದನ್ನು ಮುಂದಿನ ರಜೆಗೆ ಮಕ್ಕಳು, ಹಿರಿಯರನ್ನು ಕಟ್ಟಿಕೊಂಡು ಹೊರಡುವವರಿಗಾಗಿ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವನು. ದುರ್ಗದಬೈಲ್ ಕಡೆ ಸ್ಟೇಶನರಿ ಹೋಲ್‌ಸೇಲ್ ಅಂಗಡಿ ಇದೆ. ಏಪ್ರಿಲ್‌ನಿಂದ ಜುಲೈತನಕ ನೋಟ್‌ಬುಕ್ಕಿನ ಸೀಜನ್, ದೀಪಾವಳಿ ಬಂತೆಂದರೆ ಲೆಕ್ಕದ ಪುಸ್ತಕದ ಗಡಿಬಿಡಿ. ನಡುವೆ ಸಿಗುವ ದಸರಾ ರಜೆಯೇ ನಮ್ಮ ಮನೆಯ ತಿರುಗಾಟದ ಕಾಲ. ಹೋದವರು ಐದು ಜನ: ನಾನು, ಹೆಂಡತಿ, ಇನ್ನೇನು ಹನ್ನೆರಡು ತುಂಬಲಿದ್ದ ಮಗ, ಐದು ವರ್ಷದ ಮಗಳು, ನಮ್ಮವ್ವ. ಮಕ್ಕಳು ಅವ್ವನನ್ನು ಆಯಿ ಅನ್ನುತ್ತಾರೆ. ಸಿಂಗಪುರದಿಂದ ಹೊರಟು, ಮಲೇಷಿಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ಮುಟ್ಟಿ ಹೊಳ್ಳಿ ಸಿಂಗಪುರಕ್ಕೇ ಬರುವ ನಾಲ್ಕು ರಾತ್ರಿಯ ಪ್ರವಾಸ. ಕಂಪನಿಯ ಹೆಸರು ಹಾಕುವುದಿಲ್ಲ. ಆ ದಾರಿಯಲ್ಲಿ ಓಡಾಡುವ ಯಾವ ದೊಡ್ಡ ಹಡಗಿಗೂ ಈ ಮಾತುಗಳಲ್ಲಿ ಹೆಚ್ಚಿನವು ಹೊಂದುತ್ತವೆ.

ಸುದ್ದಿ ಓಣಿಯಲ್ಲಿ ಹಬ್ಬಿದ ಮೇಲೆ ಪಕ್ಕದ ಮನೆಯ ಕಾಕಾ ಕಟ್ಟೆಯ ಮೇಲೆ ಕೂತು ಕೇಳಿದರು, “ಅಲ್ಲೋ ತಮ್ಮಾ, ಸಮುದ್ರ ನೋಡಾಕ ಸಿಂಗಪುರಕ್ಕ್ಯಾಕ ಹೊಂಟೀರಿ? ಇಲ್ಲೇ ರೈಲು ಹತ್ತಿದ್ರ ವಾಸ್ಕೋಕ್ಕ ಒಯ್ದು ಬಿಡ್ತೈತಿ.” ಮಾತು ಖರೆ. ನಮ್ಮೂರಿನ ಹಳಿ ಕ್ಯಾಸಲ್‌ರಾಕ್, ದೂಧಸಾಗರ ದಾಟಿ ಮುರ್ಮುಗೋವಾ ಬಂದರನ್ನೇ ಮುಟ್ಟುತ್ತದೆ. ಆದರೆ ಗೋವಾಕ್ಕೆ ಹೋದಾಗ ನಡೆಯುವುದೇನು? ನಾನು ಗಾಡಿ ಹೊಡೆಯುತ್ತೇನೆ, ಪಾರ್ಕಿಂಗ್ ಹುಡುಕುತ್ತೇನೆ. ಹೆಂಡತಿ ಶುದ್ಧ ಶಾಖಾಹಾರಿ ಖಾನಾವಳಿ ಹುಡುಕುತ್ತಾಳೆ. ಅವ್ವ ದಂಡೆಯ ಮೇಲೆ ಕೂತು ಚಪ್ಪಲಿ, ಬ್ಯಾಗು ಕಾಯುತ್ತಾಳೆ. ಮಕ್ಕಳು ನೀರಿನಲ್ಲಿರುತ್ತಾರೆ. ಐದೂ ಜನ ಒಂದೇ ಕಡೆ ಕೂತದ್ದು ಗಾಡಿಯೊಳಗೆ ಮಾತ್ರ. ಹಡಗಾದರೆ ಗಾಡಿ ಹೊಡೆಯುವ, ಊಟ ಹುಡುಕುವ, ಸಾಮಾನು ಕಾಯುವ ಕೆಲಸ ಯಾರಿಗೂ ಇಲ್ಲವಲ್ಲ ಅಂತ ಲೆಕ್ಕ ಹಾಕಿದ್ದೆವು.

ಟಿಕೆಟ್ ಮಾಡಿಸುವ ಮುಂಚೆ ಎಲ್ಲರೂ ಜಾರುಬಂಡಿ ಎಷ್ಟು, ಈಜುಕೊಳ ಎಷ್ಟು ಅಂತ ನೋಡುತ್ತಾರೆ. ಅದನ್ನು ಬಿಟ್ಟು ಮಕ್ಕಳ ವಯಸ್ಸಿನ ಪಟ್ಟಿ ನೋಡಿ. ಹಡಗಿನ ಮೇಲೆ ಮಕ್ಕಳ ಬದುಕನ್ನು ನಡೆಸುವುದು ಅದೇ. ಕಾರ್ನಿವಲ್ ಕಂಪನಿಯ ‘ಕ್ಯಾಂಪ್ ಓಷನ್’ 2 ವರ್ಷದಿಂದಲೇ ಸೇರಿಸಿಕೊಂಡು 2–5, 6–8, 9–11 ಅಂತ ಗುಂಪು ಮಾಡುತ್ತದೆ, 12 ಆದವರಿಗೆ ಬೇರೆ ಕ್ಲಬ್. ರಾಯಲ್ ಕೆರಿಬಿಯನ್‌ನ ‘ಅಡ್ವೆಂಚರ್ ಓಷನ್’ ಶುರುವಾಗುವುದೇ 3ರಿಂದ. ಡಿಸ್ನಿ ಹಡಗುಗಳ ‘ಓಷನಿಯರ್ ಕ್ಲಬ್’ 3ರಿಂದ 10, ಆಮೇಲೆ 11–14ಕ್ಕೆ ‘ಎಡ್ಜ್’. ಎಂಎಸ್‌ಸಿ ಕಂಪನಿಯವರು ಆಟಿಕೆಗೆ ಲೆಗೊ, ಕೂಸುಗಳ ವಿಭಾಗಕ್ಕೆ ಚಿಕೊ ಎಂಬ ಕಂಪನಿಗಳ ಜತೆ ಕೈಜೋಡಿಸಿದ್ದಾರೆ. ಮೂರು ವರ್ಷ ಅಂತ ಬರೆದಿದ್ದರೆ ಅದರ ಹಿಂದೆ ಇನ್ನೊಂದು ಷರತ್ತು ಇರುತ್ತದೆ: ಮಗು ಡೈಪರ್ ಬಿಟ್ಟಿರಬೇಕು, ತಾನೇ ಹೇಳಿ ಶೌಚಕ್ಕೆ ಹೋಗಬೇಕು. ಮೂರು ತುಂಬಿ ಡೈಪರ್ ಬಿಡದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅದಕ್ಕಿಂತ ಸಣ್ಣವರಿಗೆ ಕೆಲವು ಹಡಗುಗಳಲ್ಲಿ ನರ್ಸರಿ ಇದೆ, ಗಂಟೆ ಲೆಕ್ಕದಲ್ಲಿ ದುಡ್ಡು. ಇನ್ನು ಆರು ತಿಂಗಳ ಒಳಗಿನ ಕೂಸನ್ನು ದೊಡ್ಡ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ಉದ್ದದ ಪ್ರವಾಸಕ್ಕೆ ಒಂದು ವರ್ಷ ಆಗಿರಬೇಕು ಅನ್ನುತ್ತಾರೆ.

ಇಲ್ಲಿಂದ ಬೆಂಗಳೂರಿಗೆ ವಂದೇ ಭಾರತ್, ಅಲ್ಲಿಂದ ನಾಲ್ಕೂವರೆ ತಾಸಿನ ವಿಮಾನ. ಒಂದೇ ಎಚ್ಚರ: ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರುವಂಥದ್ದು ಇರಬೇಕು, ಹಡಗು ಹೊಳ್ಳಿ ಅಲ್ಲಿಗೇ ಬರುತ್ತದಲ್ಲ.

ಮರೀನಾ ಬೇ ಕ್ರೂಜ್ ಸೆಂಟರಿನಲ್ಲಿ ಹಡಗಿನ ಮುಂದೆ ನಿಂತಾಗ ಮಗ ತನ್ನ ಲೆಕ್ಕ ಶುರು ಮಾಡಿದ. ಜಗತ್ತಿನಲ್ಲೇ ಉದ್ದವಾದ ಹುಬ್ಬಳ್ಳಿಯ ರೈಲು ಪ್ಲಾಟ್‌ಫಾರ್ಮ್ 1507 ಮೀಟರ್. ಹಡಗು ಹೆಚ್ಚುಕಡಿಮೆ ಮುನ್ನೂರೈವತ್ತು. “ಪಪ್ಪಾ, ನಮ್ಮ ಪ್ಲಾಟ್‌ಫಾರ್ಮಿಗೆ ಇಂಥಾವು ನಾಕು ಹಡಗ ಹಚ್ಚಬಹುದು!” ಸಾಲಿನಲ್ಲಿದ್ದ ಬೆಂಗಳೂರಿನವರೊಬ್ಬರು ತಿರುಗಿ ನಕ್ಕರು. ನಮ್ಮ ಹುಡುಗ ಜಗತ್ತಿನ ಎಲ್ಲ ಉದ್ದಗಳನ್ನೂ ಆ ಪ್ಲಾಟ್‌ಫಾರ್ಮಿನಿಂದಲೇ ಅಳೆಯುತ್ತಾನೆ.

ಹತ್ತಿದ ಕೂಡಲೇ ಎಲ್ಲರೂ ಊಟಕ್ಕೆ ಓಡುತ್ತಾರೆ. ನನ್ನ ಹೆಂಡತಿ ಸೀದಾ ಮಕ್ಕಳ ಕ್ಲಬ್ಬಿಗೆ ನಡೆದಳು, ಅದು ಶಾಣೇತನ. ಮೊದಲ ದಿನ ಮಧ್ಯಾಹ್ನ ಕ್ಲಬ್ಬು ಎಲ್ಲರಿಗೂ ತೆರೆದಿರುತ್ತದೆ, ದೊಡ್ಡವರೂ ಒಳಗೆ ಹೋಗಿ ನೋಡಬಹುದು. ಆಮೇಲೆ ದೊಡ್ಡವರಿಗೆ ಒಳಗೆ ಪ್ರವೇಶವೇ ಇಲ್ಲ. ಹೆಸರು ಬರೆಸುವಾಗ ಅಲರ್ಜಿ, ಔಷಧಿ, ಭಾಷೆ, ಹೆದರಿಕೆ ಎಲ್ಲ ಕೇಳಿದರು. ಮಗಳಿಗೆ ಏನು ಕಂಡರೆ ಹೆದರಿಕೆ ಅಂತ ಕೇಳಿದ್ದಕ್ಕೆ ಹೆಂಡತಿ “ಬಲೂನು ಒಡಿಯೂ ಸಪ್ಪಳ” ಅಂದಳು. ಅದನ್ನು ಖರೆಯಾಗಿಯೂ ಬರೆದುಕೊಂಡರು. ಮೂರನೆಯ ದಿನ ಬಲೂನಿನ ಆಟ ಇದ್ದಾಗ ಮಗಳನ್ನು ಮೊದಲೇ ಪಕ್ಕದ ಕೋಣೆಗೆ ಕರೆದೊಯ್ದು ಬಣ್ಣದ ಕೆಲಸಕ್ಕೆ ಕೂಡಿಸಿದ್ದರಂತೆ. ಊರಲ್ಲಿ ಸಾಲಿಗೆ ವರ್ಷದ ಫೀ ಕಟ್ಟಿದರೂ ಇಂಥ ಕಾಳಜಿ ಸಿಗುವುದು ಕಷ್ಟ.

ಕೈಗೆ ಒಂದು ಬ್ಯಾಂಡು ಕಟ್ಟುತ್ತಾರೆ. ಅದರಲ್ಲಿ ಎರಡು ಕೆಲಸ. ಒಂದು, ಮಗು ಕ್ಲಬ್ಬಿನ ಒಳಗಿದೆಯೋ ಹೊರಗಿದೆಯೋ ಅನ್ನುವ ಲೆಕ್ಕ. ಇನ್ನೊಂದು, ಅಪಾಯ ಬಂದಾಗ ಮಗುವನ್ನು ಯಾವ ಮಸ್ಟರ್ ಸ್ಟೇಷನ್ನಿಗೆ, ಅಂದರೆ ಎಲ್ಲರೂ ಸೇರುವ ಜಾಗಕ್ಕೆ, ಒಯ್ಯಬೇಕು ಅನ್ನುವ ಅಕ್ಷರ. 2012ರ ಜನವರಿಯಲ್ಲಿ ಇಟಲಿಯ ದಂಡೆಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದವರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕು ಅನ್ನುವ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಗಿ, ಹಡಗು ಬಿಡುವ ಮುಂಚೆ ಅಥವಾ ಬಿಟ್ಟ ಕೂಡಲೇ ಎಲ್ಲರಿಗೂ ತೋರಿಸಿಕೊಡಲೇಬೇಕು ಅಂತಾಯಿತು. ನಮ್ಮವರು ಅನೇಕರು ಇದನ್ನು ತಪ್ಪಿಸಿಕೊಂಡು ಫೋಟೋ ತೆಗೆಯುತ್ತ ನಿಂತಿದ್ದರು. ಸಿಬ್ಬಂದಿ ಬಿಡಲಿಲ್ಲ, ಹೆಸರು ಹಿಡಿದು ಕರೆದರು. ಅದು ನನಗೆ ಭಾಳ ಸೇರಿತು.

ಕ್ಲಬ್ಬಿನ ಒಳಗಿನ ಮಾತು. ನಾನು ಕಾಗದ, ಬಣ್ಣ, ಗೋಂದು ಮಾರುವವನು. ಹಂಗಾಗಿ ನನ್ನ ಕಣ್ಣು ಮೊದಲು ಹೋದದ್ದು ಮೇಜಿನ ಮೇಲಿನ ಸಾಮಾನಿಗೆ. ಸಣ್ಣವರ ಮೇಜಿನ ಮೇಲೆ ದಪ್ಪ, ಮೂರು ಮೂಲೆಯ ಕ್ರೆಯಾನು, ಉರುಳಿ ಬೀಳುವುದಿಲ್ಲ. ಬಟ್ಟೆಗೆ ಹತ್ತಿದರೆ ನೀರಿಗೆ ಹೋಗುವ ಸ್ಕೆಚ್ ಪೆನ್ನು. ತುದಿ ಮೊಂಡಾದ ಕತ್ತರಿ. ಎಡಗೈಯವರ ಕತ್ತರಿ ಬೇರೆ! ಹುಬ್ಬಳ್ಳಿಯಲ್ಲಿ ಎಡಗೈ ಕತ್ತರಿ ತರಿಸಿದರೆ ಅದು ಅಂಗಡಿಯಲ್ಲೇ ಮುದುಕಾಗುತ್ತದೆ, ಯಾರೂ ಕೇಳುವುದಿಲ್ಲ. ಕಾರ್ಡ್‌ಶೀಟು ತೆಳ್ಳಗಿನ ಇನ್ನೂರರದ್ದಲ್ಲ, ಕೈಗೆ ಗಟ್ಟಿ ಹತ್ತುವ ಮುನ್ನೂರು ಜಿಎಸ್‌ಎಂನದ್ದು (ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂನಲ್ಲಿ). ಮಗಳು ಮಾಡಿ ತಂದ ಮೀನು ವಿಮಾನದಲ್ಲಿ ಬ್ಯಾಗಿನಲ್ಲಿ ಬಂದರೂ ಬಾಗಲಿಲ್ಲ. ಮಕ್ಕಳ ಕೈಗೆ ಕೊಡುವ ಸಾಮಾನಿನಲ್ಲಿ ಉಳಿತಾಯ ಮಾಡದವರು ಬೇರೆ ಕಡೆಯೂ ಮಾಡಿರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಬರೀ ಬಣ್ಣ ಬಳಿಯುವುದಲ್ಲ. ದೊಡ್ಡ ಗುಂಪಿಗೆ ವಿಜ್ಞಾನದ ಪ್ರಯೋಗ, ನಿಧಿ ಹುಡುಕುವ ಆಟ, ಅಡುಗೆ ಪಾಠ, ಒಂದು ಸಂಜೆ ಮಕ್ಕಳೇ ಮಾಡಿದ ಸಣ್ಣ ನಾಟಕ. ನೋಡಿಕೊಳ್ಳುವ ಹುಡುಗ ಹುಡುಗಿಯರು ಬೇರೆ ಬೇರೆ ದೇಶದವರು. ಒಬ್ಬಾಕೆ ಫಿಲಿಪೀನ್ಸಿನವಳು, ಮಗಳಿಗೆ ಅವಳೇ ಆಗಬೇಕು. ಐದು ವರ್ಷದ ಕೂಸಿನ ಇಂಗ್ಲಿಷು ಎಷ್ಟು ಇರುತ್ತದೆ? ಹಸಿವಾದಾಗ, ಸಿಟ್ಟು ಬಂದಾಗ ನಮ್ಮ ಮಗಳ ಬಾಯಿಗೆ ಕನ್ನಡವೇ ಬರುತ್ತದೆ. ಎರಡನೆಯ ದಿನ ಸಂಜೆ ಕರೆತರಲು ಹೋದರೆ ಆ ಹುಡುಗಿ ನನ್ನನ್ನು ಕಂಡು “ಬೇಡಾ?” ಅಂತ ಕೇಳಿದಳು, ರಾಗ ಸಮೇತ ನಮ್ಮ ಮಗಳದೇ! ದಿನವಿಡೀ ಎಷ್ಟು ಸಲ ಕೇಳಿಸಿಕೊಂಡಿದ್ದಳೋ.

ಮಗನ ಕತೆ ಬೇರೆ, ಅಲ್ಲಿ ನನಗೆ ಬೇಸರವಾಯಿತು. ಮೊದಲ ದಿನವೇ ಈಜುಕೊಳದಲ್ಲಿ ಪುಣೆಯ ಒಬ್ಬ ಹುಡುಗನ ಗೆಳೆತನ ಆಯಿತು. ಇಬ್ಬರಿಗೂ ರೈಲಿನ ಹುಚ್ಚು, ಇಬ್ಬರಿಗೂ ಕ್ರಿಕೆಟ್ಟು. ಆ ಹುಡುಗನಿಗೆ ಹನ್ನೆರಡು ಆಗಿತ್ತು, ನಮ್ಮವನಿಗೆ ಇನ್ನೂ ಕೆಲವು ವಾರ ಬಾಕಿ. ಅವನು ಹದಿಹರೆಯದವರ ಕ್ಲಬ್ಬು, ಇವನು ಒಂಬತ್ತರ ಮಕ್ಕಳ ಜತೆ. ಪಾಸ್‌ಪೋರ್ಟಿನ ತಾರೀಖು ಏನು ಹೇಳುತ್ತದೋ ಅದೇ. ಎರಡೂ ಮನೆಯವರು ಕೂಡಿ ಕೇಳಿದೆವು, ನಗುತ್ತಲೇ ಇಲ್ಲ ಅಂದರು. ನಿಯಮದ ಕಾರಣ ನನಗೂ ತಿಳಿಯುತ್ತದೆ, ಹದಿನಾರರ ಹುಡುಗರ ನಡುವೆ ಹನ್ನೊಂದರವನನ್ನು ಬಿಡಬಾರದು. ಆದರೆ ಇಬ್ಬರನ್ನೂ ಕೆಳಗಿನ ಗುಂಪಿಗೆ ಹಾಕಿ ಅಂದರೂ ಒಪ್ಪಲಿಲ್ಲ. ಕಡೆಗೆ ಮಗ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟು, ಟೇಬಲ್ ಟೆನಿಸ್ ಮೇಜಿನ ಹತ್ತಿರ ಆ ಹುಡುಗನಿಗಾಗಿ ಕಾಯತೊಡಗಿದ. ಮಕ್ಕಳ ಹುಟ್ಟುಹಬ್ಬ ಗಡಿಯ ಹತ್ತಿರವಿದ್ದರೆ ಪ್ರವಾಸದ ತಾರೀಖು ಹಿಂದೆ ಮುಂದೆ ಮಾಡಿಕೊಳ್ಳುವುದು ಚಲೋ. ಕೆಲವು ಕಡೆ ಹತ್ತಿರದ ವಯಸ್ಸಿನ ಅಣ್ಣ ತಂಗಿಯರನ್ನು ಒಂದೇ ಗುಂಪಿಗೆ ಬಿಡುತ್ತಾರೆ ಅಂತ ಕೇಳಿದ್ದೇನೆ, ಗೆಳೆಯರಿಗೆ ಆ ರಿಯಾಯಿತಿ ಇಲ್ಲ.

ಈಗ ಅವ್ವನ ವಿಷಯ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಆಕೆಯೇ.

ಮಗಳನ್ನು ಮೊದಲ ಸಲ ಕ್ಲಬ್ಬಿಗೆ ಬಿಟ್ಟಾಗ ಅವ್ವ ತಾನೂ ಒಳಗೆ ಕೂಡುತ್ತೇನೆ ಅಂದಳು. “ನಾ ಏನೂ ಮಾಡೂದಿಲ್ಲ, ಮೂಲ್ಯಾಗ ಕುಂದರ್ತೀನಿ.” ಅವರು ಬಿಡಲಿಲ್ಲ. ಮಕ್ಕಳ ಸುರಕ್ಷತೆಗೆ ಅದು ಸರಿಯಾದದ್ದೇ. ಬೇರೆಯವರ ಅಜ್ಜಿಯೋ ಮಾಮಾನೋ ನನ್ನ ಮಗಳ ಕೋಣೆಯಲ್ಲಿ ಕೂತರೆ ನಾನೂ ಒಪ್ಪುವುದಿಲ್ಲ. ಮಧ್ಯಾಹ್ನ ನಾವಿಬ್ಬರೂ ಮಲಗಿದ್ದಾಗ ಅವ್ವ ತಾನೇ ಕರೆತರಲು ಹೋದಳು. ಕೊಡಲಿಲ್ಲ. ಕರೆದುಕೊಂಡು ಹೋಗುವವರ ಪಟ್ಟಿಯಲ್ಲಿ ತಾಯಿ ತಂದೆಯರಿಗೆ ಮಾತ್ರ ಜಾಗವಿತ್ತು. ಅಜ್ಜ ಅಜ್ಜಿಯನ್ನು ಸೇರಿಸಬೇಕಾದರೆ ಬೇರೆ ಫಾರಂ, ಅದು ಇದೆ ಅಂತ ಯಾರೂ ಹೇಳಿರಲಿಲ್ಲ. ನಾವು ಬರುವತನಕ ಅವ್ವ ಬಾಗಿಲ ಹೊರಗಿನ ಸೋಫಾದ ಮೇಲೆ ಕೂತಿದ್ದಳು. ಕಾಜಿನ ಆಚೆ ಮೊಮ್ಮಗಳು ಕೈ ಬೀಸುತ್ತಿದ್ದಳು, ಈಚೆ ಆಯಿ. “ನಾ ಏನು ಹುಡುಗೂರ್ನ ಕದಿಯಾಕಿ ಹಂಗ ಕಾಣ್ತೀನೇನೋ?” ಅಂತ ನನಗೇ ಬೈದಳು.

ಫಾರಂ ತುಂಬಿದ ಮೇಲೆ ಆ ತೊಂದರೆ ಮುಗಿಯಿತು. ಆದರೆ ದಿನದ ಕಾರ್ಯಕ್ರಮದ ಹಾಳೆ ಓದುತ್ತ ಹೋದಂತೆ ವಿಷಯ ಸ್ಪಷ್ಟವಾಯಿತು. ಮಕ್ಕಳಿಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಎರಡರಿಂದ ಐದು, ಏಳರಿಂದ ರಾತ್ರಿ ಹತ್ತು. ಹತ್ತರ ಮೇಲೆ ಬೇಕಾದರೆ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಬಿಡಬಹುದು. ಅದೇ ಹೊತ್ತಿಗೆ ದೊಡ್ಡವರಿಗೆ ಸ್ಪಾ, ಕ್ಯಾಸಿನೊ, ಕುಣಿತ, ಬಾರು. ಹಿರಿಯರಿಗೆ ಬೇಕಿದ್ದರೆ ಇಸ್ಪೀಟು, ಸಂಗೀತ. ಮೂರೂ ತಲೆಮಾರಿಗೆ ಬೇರೆ ಬೇರೆ ಹಗೇವು, ಒಂದರ ಕಾಳು ಇನ್ನೊಂದಕ್ಕೆ ಬೀಳದಂತೆ ಬಾಯಿ ಮುಚ್ಚಿದ್ದು. ‘ಫ್ಯಾಮಿಲಿ’ ಅಂತ ಬರೆದ ಕಾರ್ಯಕ್ರಮ ದಿನಕ್ಕೆ ಒಂದೋ ಎರಡೋ, ಮುಕ್ಕಾಲು ತಾಸಿನದ್ದು. ಅದರಲ್ಲೂ ಕುಟುಂಬ ಅಂದರೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ‘ಕುಟುಂಬ ಕ್ವಿಜ್’ಗೆ ಹೋದರೆ ಒಂದು ತಂಡಕ್ಕೆ ನಾಲ್ಕೇ ಜನ ಅಂದರು. ನಮ್ಮವ್ವ ಐದನೆಯವಳು. ಕೇಳಿದ್ದೆಲ್ಲ ಇಂಗ್ಲಿಷ್ ಹಾಡು, ಕಾರ್ಟೂನು. ಉತ್ತರ ಕರ್ನಾಟಕದ ಒಬ್ಬ ಎಪ್ಪತ್ತರ ಹೆಣ್ಣುಮಗಳಿಗೆ ಗೊತ್ತಿರುವ ಒಂದು ಸಂಗತಿಯೂ ಅದರಲ್ಲಿ ಇರಲಿಲ್ಲ.

ನಮ್ಮಂಥವರು ಆ ಹಡಗಿನಲ್ಲಿ ಕಡಿಮೆ ಇರಲಿಲ್ಲ ಅನ್ನುವುದನ್ನು ಹೇಳಬೇಕು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ ಗುಜರಾತಿ ಬಾ, ತಮಿಳು ಪಾಟಿ, ಅಂದರೆ ಅವರವರ ಅಜ್ಜಿಯರು, ಪ್ರತಿ ಅಂತಸ್ತಿನಲ್ಲೂ ಕಂಡರು. ಮಲೇಷಿಯಾದ ಚೀನಿ ಮನೆತನಗಳೂ ಅಜ್ಜ ಅಜ್ಜಿ ಸಮೇತವೇ ಬಂದಿದ್ದವು. ಏಷ್ಯಾದ ಬಂದರಿನಿಂದ ಹೊರಡುವ ಹಡಗಿಗೆ ಇದು ಹೊಸ ಸುದ್ದಿ ಏನಲ್ಲ. ಆದರೂ ಕಾರ್ಯಕ್ರಮ ಮಾತ್ರ ಬೇರೆ ಯಾವುದೋ ದೇಶದ ಮನೆತನಕ್ಕೆ ಬರೆದದ್ದು.

ಎರಡನೆಯ ರಾತ್ರಿ ಅವ್ವನೇ ದಾರಿ ಹುಡುಕಿದಳು. ಇಸ್ಪೀಟಿನ ಕೋಣೆ ಮಧ್ಯಾಹ್ನ, ರಾತ್ರಿ ಖಾಲಿ ಬಿದ್ದಿರುತ್ತಿತ್ತು. ನನ್ನ ಕಡೆಯಿಂದ ಮಾರ್ಕರ್ ಇಸಿದುಕೊಂಡು, ಹಿಂದಿನ ದಿನದ ಕಾರ್ಯಕ್ರಮದ ಹಾಳೆಯ ಬೆನ್ನಿಗೆ ಐದೈದರ ಚೌಕಾಬಾರದ ಮನೆ ಬರೆದಳು. ಕವಡೆಗೆ ಬದಲು ನಾಲ್ಕು ಪಿಸ್ತಾ ಸಿಪ್ಪೆ. ಕಾಯಿಗಳಿಗೆ ಬಿಳಿ ಸಕ್ಕರೆ, ಕಂದು ಸಕ್ಕರೆ, ಮೆಣಸು, ಉಪ್ಪಿನ ಸಣ್ಣ ಪೊಟ್ಟಣ. ಪಿಸ್ತಾ ಸಿಪ್ಪೆ ಕವಡೆಗಿಂತ ಹಗುರ, ಬೀಸಿ ಒಗೆದರೆ ಮೇಜಿನಿಂದ ಕೆಳಗೆ ಹಾರುತ್ತಿತ್ತು. ಅದಕ್ಕೆ ಕಾಫಿ ಕಪ್ಪಿನಲ್ಲಿ ಹಾಕಿ ಕುಲುಕಿ ಬೋರಲು ಹಾಕುವ ಪದ್ಧತಿ ಮಾಡಿಕೊಂಡರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಮಗಳು ನಾಲ್ಕರವರೆಗೆ ಎಣಿಸಿ ಎಂಟಕ್ಕೆ ಹಾರುವುದನ್ನು ಅಲ್ಲೇ ಕಲಿತಳು. ಮಗ, ಅವನ ಪುಣೆಯ ಗೆಳೆಯ, ಆ ಗೆಳೆಯನ ಅಜ್ಜಿ ಎಲ್ಲ ಸೇರಿದರು. ಆ ಅಜ್ಜಿಗೆ ಕನ್ನಡ ಬಾರದು, ನಮ್ಮವ್ವನಿಗೆ ಮರಾಠಿ ಬರುತ್ತದೆ. ಅವ್ವನ ತವರು ಬೆಳಗಾವಿ ಕಡೆ. ಕಾಯಿ ಹೊಡೆದಾಗಿನ ಜಗಳ ಮಾತ್ರ ಎರಡೂ ಭಾಷೆಯಲ್ಲಿ ನಡೆಯುತ್ತಿತ್ತು.

ಮರುದಿನ ಕಾರ್ಯಕ್ರಮ ನಡೆಸುವ ತರುಣನೊಬ್ಬ ಬಂದು ನಿಂತು ನೋಡಿದ, ನಿಯಮ ಕೇಳಿ ಬರೆದುಕೊಂಡ, ದೊಡ್ಡ ಚಾರ್ಟ್ ಪೇಪರು ತಂದುಕೊಟ್ಟ. ಆ ಮನುಷ್ಯನಿಗೆ ಪೂರಾ ಐದು ಅಂಕ. ಆದರೆ ಅದು ಅವನ ಒಳ್ಳೆಯತನ, ಕಂಪನಿಯ ವ್ಯವಸ್ಥೆ ಅಲ್ಲ. ಹೋಗುವವರು ಕವಡೆ, ಹುಣಸೆ ಬೀಜ, ಬಟ್ಟೆಯ ಮೇಲೆ ಹೊಲಿದ ಪಗಡೆಯ ಹಾಸು ಏನಾದರೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ.

ಊಟದಲ್ಲಿ ಶಾಖಾಹಾರಿಗಳು ಹೆದರಬೇಕಾಗಿಲ್ಲ. ಬಫೆಯಲ್ಲಿ ಭಾರತದ ಅಡುಗೆಗೆ ಬೇರೆ ಸಾಲು ಇತ್ತು, ಜೈನ ಊಟ ಬೇಕೆಂದರೆ ಮೊದಲೇ ತಿಳಿಸಿದರೆ ಮಾಡಿಕೊಡುತ್ತಾರೆ. ಅವ್ವನ ತೊಂದರೆ ರುಚಿಯದಲ್ಲ, ಸಾಲಿನದು. ಪಕ್ಕದ ತಟ್ಟೆಯಲ್ಲಿ ಮಾಂಸ ಕಂಡರೆ ಆಕೆಗೆ ಗಂಟಲಲ್ಲಿ ಇಳಿಯುವುದಿಲ್ಲ. ಬಫೆ ಬಿಟ್ಟು ಮೇಜಿಗೇ ತಂದು ಬಡಿಸುವ ದೊಡ್ಡ ಊಟದ ಮನೆಗೆ ಹೋಗತೊಡಗಿದ ಮೇಲೆ ಸರಿಹೋಯಿತು. ಅಲ್ಲಿ ಐದೂವರೆಯ ಪಂಕ್ತಿ, ಎಂಟರ ಪಂಕ್ತಿ ಅಂತ ಎರಡು. ನಾವು ಎಂಟರದ್ದು ಹಿಡಿದೆವು. ಹುಬ್ಬಳ್ಳಿಯಲ್ಲಿ ಐದೂವರೆಗೆ ಮಿರ್ಚಿ ಭಜಿ ಗಿರಮಿಟ್ಟು ತಿನ್ನುವ ಹೊತ್ತು, ಊಟದ್ದಲ್ಲ. ಆದರೆ ಎಂಟರ ಪಂಕ್ತಿ ಮುಗಿಯುವುದಕ್ಕೆ ಹತ್ತಾಗುತ್ತದೆ, ಸಣ್ಣ ಮಕ್ಕಳು ಮೇಜಿನ ಮೇಲೇ ನಿದ್ದೆ. ಐದರ ಒಳಗಿನ ಕೂಸಿದ್ದರೆ ಮೊದಲಿನ ಪಂಕ್ತಿಯೇ ವಾಸಿ. ದಿನವೂ ಅದೇ ಮೇಜು, ಅದೇ ಬಡಿಸುವವನು. ಎರಡನೆಯ ದಿನದಿಂದ ಕೇಳದೆಯೇ ಅವ್ವನ ಮುಂದೆ ಮೊಸರು ಬಂದು ಕೂಡುತ್ತಿತ್ತು. ಐದೂ ಜನ ಎದುರುಬದುರು ಎರಡು ತಾಸು ಕೂತದ್ದು ಈ ಮೇಜಿನ ಮೇಲೆಯೇ. ಬ್ರೋಶರಿನಲ್ಲಿ ಇದರ ಒಂದು ಚಿತ್ರವೂ ಇಲ್ಲ, ಎಲ್ಲ ಜಾರುಬಂಡಿಯದ್ದೇ.

ಮನೆಯಲ್ಲಿ ಮಾಡಿದ ತಿನಿಸು ಹಡಗಿಗೆ ಒಯ್ಯಲು ಬಿಡುವುದಿಲ್ಲ. ಪ್ಯಾಕ್ ಒಡೆಯದ ಅಂಗಡಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ತಕರಾರು ಬರಲಿಲ್ಲ. ಧಾರವಾಡ ಪೇಢಾದ ಡಬ್ಬಿಯನ್ನು ಹೆಂಡತಿ ಕ್ಲಬ್ಬಿನ ಮಕ್ಕಳಿಗೆ ಹಂಚಬೇಕು ಅಂತ ಒಯ್ದಿದ್ದಳು. ಅಲರ್ಜಿಯ ಕಾರಣಕ್ಕೆ ಹೊರಗಿನ ತಿನಿಸು ಮಕ್ಕಳಿಗೆ ಕೊಡುವಂತಿಲ್ಲ ಅಂದರು. ನೋಡಿಕೊಳ್ಳುವವರು ತಾವು ಮಾತ್ರ ತಿಂದು ಡಬ್ಬಿ ಖಾಲಿ ಮಾಡಿದರು.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೈಪರಿನ ಕೂಸುಗಳನ್ನು ದೊಡ್ಡ ಕೊಳಕ್ಕೆ ಇಳಿಸುವಂತಿಲ್ಲ, ಈಜಿನ ಡೈಪರ್ ಹಾಕಿದರೂ ಇಲ್ಲ. ಜೀವರಕ್ಷಕರು ಎಲ್ಲ ಹಡಗಿನಲ್ಲೂ ಇರುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಮುಂಜಾನೆ ಏಳಕ್ಕೇ ಟವೆಲ್ ಹಾಸಿ ಕುರ್ಚಿ ಹಿಡಿಯುವ ಚಟ ನಮ್ಮ ಬಸ್ಸಿನ ಸೀಟಿಗೆ ಕರ್ಚೀಫು ಒಗೆಯುವವರದ್ದು ಮಾತ್ರ ಅಂದುಕೊಂಡಿದ್ದೆ, ಬಿಳಿಯರೂ ಅದರಲ್ಲಿ ಹಿಂದಿಲ್ಲ. ಮಲಕ್ಕಾ ಜಲಸಂಧಿಯ ನೀರು ಶಾಂತ, ನಮ್ಮಲ್ಲಿ ಯಾರಿಗೂ ವಾಂತಿ ಆಗಲಿಲ್ಲ. ಊಟದ ಮನೆಯ ಬಾಗಿಲಲ್ಲಿ ಕೈ ತೊಳೆಸುವುದಕ್ಕೇ ಒಬ್ಬರು ನಿಂತಿರುತ್ತಾರೆ. ಹೊಟ್ಟೆಯ ನೊರೊವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ, ಅದಕ್ಕೆ ಬರೀ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

ಪೆನಾಂಗಿನಲ್ಲಿ ಹಡಗು ಜಾರ್ಜ್‌ಟೌನ್ ಊರಿನ ಮಗ್ಗುಲಿಗೇ ನಿಲ್ಲುತ್ತದೆ. ಇಳಿದು ನಡೆದರೆ ಹಳೆಯ ಪೇಟೆ, 2008ರಿಂದ ಯುನೆಸ್ಕೋ ಪಟ್ಟಿಯಲ್ಲಿರುವಂಥದ್ದು. ಕಂಪನಿಯ ಬಸ್ ಪ್ರವಾಸಕ್ಕೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಲಿಟಲ್ ಇಂಡಿಯಾದಲ್ಲಿ ಹೂವಿನ ವಾಸನೆ, ಸೀರೆ ಅಂಗಡಿ, 1833ರ ಮಹಾಮಾರಿಯಮ್ಮನ ಗುಡಿ. ಅವ್ವ ಉಡಿಯಲ್ಲಿ ಒಯ್ದಿದ್ದ ಅಕ್ಕಿ, ಅಡಿಕೆ ಅಲ್ಲಿ ಅಮ್ಮನಿಗೆ ಸಂದವು. ಆರ್ಮೇನಿಯನ್ ಸ್ಟ್ರೀಟಿನಲ್ಲಿ ಗೋಡೆಯ ಮೇಲೆ ಸೈಕಲ್ ಹೊಡೆಯುವ ಇಬ್ಬರು ಮಕ್ಕಳ ಚಿತ್ರವಿದೆ, ಸೈಕಲ್ ಮಾತ್ರ ಖರೆಯದು. ಫೋಟೋಕ್ಕೆ ಉದ್ದ ಪಾಳಿ. ಫುಕೆಟ್ಟಿನಲ್ಲಿ ಹಡಗು ದೂರ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಮೊಣಕಾಲು ನೋವಿನವರಿಗೆ ಆ ಏರಿಳಿತ ಕಷ್ಟ. ಅವ್ವ ಹಡಗಿನಲ್ಲೇ ಉಳಿದಳು, ಮಗಳೂ ಆಯಿಯ ಜತೆ ಉಳಿಯುತ್ತೇನೆ ಅಂದಳು. ಬಂದರಿನ ದಿನ ಕ್ಲಬ್ಬು ಖಾಲಿ ಇರುತ್ತದೆ. ನಾಲ್ಕೈದು ಮಕ್ಕಳಿಗೆ ಇಬ್ಬರು ಮೂವರು ನೋಡಿಕೊಳ್ಳುವವರು. ಮಗಳಿಗೆ ಅದೇ ಎಲ್ಲಕ್ಕಿಂತ ಚಂದದ ದಿನವಾಯಿತಂತೆ.

ದುಡ್ಡಿನ ಮಾತು. ಒಂದೇ ಕೋಣೆಯಲ್ಲಿ ಮೂರನೆಯ, ನಾಲ್ಕನೆಯವರಿಗೆ ಟಿಕೆಟ್ ಅಗ್ಗ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಸಿಬ್ಬಂದಿಯ ಟಿಪ್ಸ್ ಮಾತ್ರ ಐದು ವರ್ಷದವಳಿಗೂ ಪೂರಾ, ದಿನಕ್ಕೆ ಒಬ್ಬರಿಗೆ ಹದಿನೆಂಟು ಡಾಲರಿನ ಆಸುಪಾಸು. ವೈಫೈ, ಫೋಟೋ, ಐಸ್‌ಕ್ರೀಮಿನಲ್ಲೂ ಕೆಲವು ಬೇರೆ ದುಡ್ಡಿನವು. ಎಲ್ಲಕ್ಕಿಂತ ಜಾಣ ಬಲೆ ವಿಡಿಯೋ ಗೇಮಿನ ಕೋಣೆ. ಮಕ್ಕಳ ಕೋಣೆಯ ಕಾರ್ಡು ತೋರಿಸಿದರೆ ಆಟ ಶುರು, ಬಿಲ್ಲು ಅಪ್ಪನ ಖಾತೆಗೆ. ಹತ್ತಿದ ದಿನವೇ ಕೌಂಟರಿಗೆ ಹೋಗಿ ಮಕ್ಕಳ ಕಾರ್ಡಿನ ಖರ್ಚು ಬಂದ್ ಮಾಡಿಸಬಹುದು. ನನ್ನ ಹೆಂಡತಿ ಮಾಡಿಸಿದ್ದಳು. ಪುಣೆಯವರು ಕಡೆಯ ದಿನ ಬಿಲ್ಲು ಹಿಡಿದು ಕೌಂಟರಿನ ಮುಂದೆ ನಿಂತಿದ್ದರು.

ಯಾರು ಹೋಗಬೇಕು? ನಾಲ್ಕರಿಂದ ಹತ್ತರ ಮಕ್ಕಳಿರುವವರು ಕಣ್ಣು ಮುಚ್ಚಿ ಹೋಗಿ. ಹನ್ನೊಂದು ಹನ್ನೆರಡರ ಮಕ್ಕಳಿದ್ದರೆ ವಯಸ್ಸಿನ ಪಟ್ಟಿ ನೋಡಿ, ಜತೆಗೆ ಅದೇ ವಯಸ್ಸಿನ ಮಾವನ ಮಗನನ್ನೋ ಗೆಳೆಯನನ್ನೋ ಕರೆದುಕೊಂಡು ಹೋಗಿ. ಗದಗಿನಲ್ಲಿರುವ ನನ್ನ ನಾದಿನಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಹೋಗಬಹುದೇನು ಅಂತ ಫೋನು ಮಾಡಿದ್ದಳು. “ಹೋಗಬಹುದವ್ವಾ, ಆದ್ರ ಕೊಳಕ್ಕ ಇಳಿಸಾಂಗಿಲ್ಲ, ಕ್ಲಬ್ಬಿಗೆ ಬಿಡಾಂಗಿಲ್ಲ, ನೀ ಅಲ್ಲೂ ಮನ್ಯಾಗಿನಂಗ ತೊಟ್ಲಾ ತೂಗಬೇಕು” ಅಂದೆ. ಇನ್ನೆರಡು ವರ್ಷ ತಡೆಯುತ್ತಾಳಂತೆ.

ಹಿರಿಯರನ್ನು ಕರೆದೊಯ್ಯುವವರು ಏಜೆಂಟನಿಗೆ ಮೂರು ಮಾತು ಬರೆದು ಕೇಳಿ. ನಡುವೆ ಬಾಗಿಲಿರುವ ಎರಡು ಕೋಣೆ ಸಿಗುತ್ತದೆಯೇ, ಅಜ್ಜ ಅಜ್ಜಿಯ ಹೆಸರನ್ನು ಮಕ್ಕಳನ್ನು ಕರೆತರುವವರ ಪಟ್ಟಿಗೆ ಮೊದಲೇ ಹಾಕಿಸಬಹುದೇ, ಯಾವ ಬಂದರಿನಲ್ಲಿ ದೋಣ್ಯಾಗ ಇಳಿಸುತ್ತಾರೆ. ಕಿಟಕಿ ಇಲ್ಲದ ಒಳಕೋಣೆ ಅಗ್ಗ, ಮಕ್ಕಳು ಕತ್ತಲೆಯಲ್ಲಿ ಒಂಬತ್ತರತನಕ ಮಲಗುತ್ತಾರೆ, ನಿಮಗೂ ಆರಾಮ. ಹಿರಿಯರಿಗೆ ಮಾತ್ರ ಕಿಟಕಿ ಇರುವುದನ್ನೇ ಕೊಡಿಸಿ. ಮುಂಜಾನೆ ಐದಕ್ಕೆ ಎದ್ದು ಕೂಡುವವರಿಗೆ ಸೂರ್ಯ ಎಲ್ಲಿ ಹುಟ್ಟುತ್ತಾನೆ ಅನ್ನುವುದು ಕಾಣಬೇಕು, ಇಲ್ಲವಾದರೆ ವಿಭೂತಿ ಹಚ್ಚಿಕೊಂಡು ಯಾವ ಗೋಡೆಗೆ ಮುಖ ಮಾಡಿ ಕೂಡಬೇಕು ಅಂತ ನಿಮ್ಮನ್ನೇ ಎಬ್ಬಿಸಿ ಕೇಳುತ್ತಾರೆ.